ಮರ್ಲ್ ಎಣಿಸಿದ ನೂರನೇ ಗೋಲು

ಸೋತ ಪಂದ್ಯದ ಮಾರನೆಯ ಬೆಳಿಗ್ಗೆ ಕ್ಲಬ್ಬಿನ ನೆಲ ಒರೆಸುವಾಗ ನಮ್ಮೂರು ಬೆರಿಗಲ್ಲಿನವರು ಮಾತಾಡುವುದಿಲ್ಲ. ಒರೆಸಿ ಮುಗಿಸಿ, ಉಳಿದ ಮಾಂಸದ ಪೈಗಳನ್ನು ಬಿಸಿಗಿಟ್ಟು, ಕುರ್ಚಿ ಎಳೆದುಕೊಂಡ ಮೇಲೆಯೇ ಬಾಯಿ ಬಿಡುವುದು. ಆ ಭಾನುವಾರ ಮಾತ್ರ ಬಕೆಟ್ಟಿಗೆ ನೀರು ಬೀಳುವ ಮೊದಲೇ ಜಗಳ ಶುರುವಾಗಿತ್ತು.

"ಹಾರ್ನ್ ಒತ್ತಿದ್ದು ಯಾರು? ನೀವೇ ತಾನೆ?" ಎಂದಳು ಮರ್ಲ್ ಟಾಂಕಿನ್. "ಕೈ ಕಡೀತಿತ್ತಾ ನಿಮಗೆಲ್ಲ?"

"ನೀನೇನು ಕೈಕಟ್ಟಿ ಕೂತಿದ್ಯಾ?" ಎಂದ ಅರ್ನಿ ಬ್ಲೈಟ್. ಅರ್ನಿ ನಮ್ಮ ಫುಟ್ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಅವನಿಗಿಂತ ಮೊದಲು ಆ ಕುರ್ಚಿಯಲ್ಲಿ ಯಾರು ಕೂರುತ್ತಿದ್ದರೆಂದು ಊರಲ್ಲಿ ಯಾರಿಗೂ ನೆನಪಿಲ್ಲ. "ನಿನ್ನ ಕಾರಿನ ಹಿಂದಿನ ಸೀಟಲ್ಲೇ ಇದ್ದೆ ಕಣೇ. ನನ್ನ ಕಿವಿ ಇನ್ನೂ ಗುಂಯ್ ಅಂತಿದೆ."

"ಒತ್ತಿದೆ. ನಾನೂ ಒತ್ತಿದೆ. ಅದಕ್ಕೇ ಹೊಟ್ಟೆ ಉರೀತಿರೋದು."

ನಮ್ಮ ಫುಟ್ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಗಾಳಿಯಲ್ಲೇ ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. ನಮ್ಮ ಕಡೆಯ ಮೈದಾನಗಳಲ್ಲಿ ಮೆಟ್ಟಿಲಿಲ್ಲ, ಚಾವಣಿಯಿಲ್ಲ. ಬೇಲಿಗೆ ಮೂತಿ ತಾಗಿಸಿ ಸುತ್ತ ಕಾರು ನಿಲ್ಲಿಸಿಕೊಂಡು, ಮೊಣಕಾಲ ಮೇಲೆ ಕಂಬಳಿ ಎಳೆದುಕೊಂಡು, ಒಳಗೇ ಕುಳಿತು ನೋಡುವುದು. ನಮ್ಮವರ ಗೋಲಾದರೆ ಹಾರ್ನ್ ಒತ್ತುವುದು. ಹಿಂದಿನ ದಿನ ಕೊಲಿಂಡಾದ ಮೈದಾನದಲ್ಲಿ, ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಮರ್ಲ್‌ಳ ಮೊಮ್ಮಗ ರಸೆಲ್ ಒಂದು ಗೋಲು ಹೊಡೆದ. ನಾವು ಎರಡು ಅಂಕ ಮುಂದಾದೆವು. ಬೆರಿಗಲ್ಲಿನಿಂದ ಹೋಗಿದ್ದ ಒಂದೊಂದು ಕಾರೂ ಕೂಗಿತು. ಆ ಗದ್ದಲದೊಳಗೇ ಆಟ ಮುಗಿದ ಸೈರನ್ ಕೂಗಿದ್ದು. ಅಂಪೈರಿಗೆ ಕೇಳಿಸಲಿಲ್ಲ. ಸೈರನ್ ಯಾರು ಒತ್ತಿದರೇನು, ಅಂಪೈರಿನ ಕಿವಿಗೆ ಬೀಳುವವರೆಗೆ ಆಟ ಆಟವೇ. ಅವನು ಆಟ ಮತ್ತೆ ಶುರು ಮಾಡಲು ಚೆಂಡನ್ನು ನಡುಮೈದಾನಕ್ಕೆ ಒಯ್ದು ನೆಲಕ್ಕೆ ಕುಕ್ಕಿದ. ನಮ್ಮವರಲ್ಲಿ ಅರ್ಧ ಜನ ಮುಗಿಯಿತೆಂದು ಕೈಕುಲುಕುತ್ತ ನಿಂತಿದ್ದರು. ಕೊಲಿಂಡಾದ ಕೋಚ್ ಲೆಸ್ ಪ್ಯಾಸ್ಕೋ ಸರಿಯಾಗಿ ಸೈರನ್ನಿನ ಕೆಳಗೇ ಇದ್ದ. ಕೇಳಿಸಿಕೊಂಡೂ, "ಆಡ್ರೋ, ಆಡ್ರೋ, ನಿಲ್ಲಿಸ್ಬೇಡ್ರೋ!" ಎಂದು ಅರಚಿದ. ಅವರು ಓಡಿ ಬಂದು ಗೋಲು ಹೊಡೆದರು. ಗೋಲಿಗೆ ಆರು ಅಂಕ. ನಾಲ್ಕು ಅಂಕದಿಂದ ಸೋತು, ಫೈನಲ್ಸಿನ ಆಸೆಗೆ ಎಳ್ಳುನೀರು ಬಿಟ್ಟು ನಾವು ಮನೆಗೆ ಹೊರಟೆವು.

ಹೊರಡುವಾಗ ಲೆಸ್ ಮರ್ಲ್‌ಳ ಕಾರಿನ ಕಿಟಕಿಗೆ ಬಗ್ಗಿ, "ಹಾರ್ನ್ ಚೆನ್ನಾಗಿದೆ ಮರ್ಲ್. ಹೊಸದಾ?" ಎಂದಿದ್ದ.

ಬೇರೆ ಯಾರಾದರೂ ಅಂದಿದ್ದರೆ ಮರ್ಲ್ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಲೆಸ್ ಬೆರಿಗಲ್ಲಿನವನೇ. ಮರ್ಲ್‌ಳ ಗಂಡ ಹೆರಾಲ್ಡ್ ಅವನನ್ನು ಗೋಧಿ ಕೊಯ್ದ ಹೊಲದಲ್ಲಿ ನಿಲ್ಲಿಸಿ ಚೆಂಡು ಒದೆಯುವುದನ್ನು ಕಲಿಸಿದವನು. ಎಷ್ಟೋ ಭಾನುವಾರ ಅವನು ಊಟ ಮಾಡಿದ್ದು ಮರ್ಲ್‌ಳ ಮೇಜಿನಲ್ಲಿ. ಆಮೇಲೆ ಕೊಲಿಂಡಾದವರು ಕರೆದರು, ಹೋದ. ಹೋಗಲಿ, ಹೋಗುವವರು ಹೋಗುತ್ತಾರೆ. ಆದರೆ ಹೆರಾಲ್ಡನನ್ನು ಮಣ್ಣು ಮಾಡಿದ ದಿನ ಶನಿವಾರ. ಲೆಸ್ ಬರಲಿಲ್ಲ. ಅವತ್ತು ಅವನ ತಂಡಕ್ಕೆ ಆಟವಿತ್ತು.

"ಸರಿ, ಮಿಕ್ಕ ಊರಿನದು ಏನಾಯ್ತು ಹೇಳು," ಎಂದೆ ನಾನು, ಮಾತು ಬೇರೆ ಕಡೆ ಹೋಗಲೆಂದು. ನಾನು ಮರ್ಲ್ ಜೊತೆ ಕ್ಲಬ್ಬಿನ ಅಡಿಗೆಮನೆ ನೋಡಿಕೊಳ್ಳುವವಳು. ಕಾರಿನಲ್ಲೂ ಅವಳ ಪಕ್ಕದ ಸೀಟು ನನ್ನದೇ.

ಅರ್ನಿ ಪೈಗೆ ಟೊಮೆಟೊ ಸಾಸ್ ಸುರಿದುಕೊಳ್ಳುತ್ತ ಒಂದೊಂದಾಗಿ ಹೇಳಿದ. ಅಂಕಪಟ್ಟಿಯಲ್ಲಿ ಮೇಲಿನ ಮೂರು ಊರುಗಳ ಜಾಗ ಗಟ್ಟಿಯಾಗಿದೆ. ನಾಲ್ಕನೆಯದು ಕೊಲಿಂಡಾ. ಯಾರಂಬಾ ನಿನ್ನೆ ಗೆದ್ದು ಐದನೆಯದಾಗಿದೆ. ಲೀಗಿನಲ್ಲಿ ಒಂಬತ್ತು ಊರು, ಹಾಗಾಗಿ ಪ್ರತಿ ಶನಿವಾರ ಒಂದು ಊರಿಗೆ ಆಟವಿರುವುದಿಲ್ಲ. ಬರುವ ಶನಿವಾರ, ಕೊನೆಯ ಸುತ್ತಿನಲ್ಲಿ, ಬಿಡುವು ಕೊಲಿಂಡಾದ್ದು. ಫೈನಲ್ಸಿಗೆ ಮೊದಲ ನಾಲ್ಕು ಊರು ಮಾತ್ರ.

"ಯಾರಂಬಾದವರು ಕೊನೇ ಸುತ್ತು ಯಾರ ಮೇಲೆ ಆಡೋದು?" ಎಂದಳು ಮರ್ಲ್.

"ನಮ್ಮ ಮೇಲೆ. ಇಲ್ಲೇ."

"ಅವರು ಗೆದ್ರೆ?"

"ಗೆದ್ರೆ ನಾಲ್ಕನೇ ಜಾಗಕ್ಕೆ ಹತ್ತುತ್ತಾರೆ. ಕೊಲಿಂಡಾ ಹೊರಗೆ." ಅರ್ನಿಯ ಕೈಯಲ್ಲಿದ್ದ ಪೈ ಬಾಯಿಯ ಹತ್ತಿರವೇ ನಿಂತಿತು. "ಏಯ್, ಇಲ್ಲ ಕಣೇ. ಬೇಡ."

"ನಾವು ಗೆದ್ರೆ ಲೆಸ್ ಪ್ಯಾಸ್ಕೋ ಫೈನಲ್ಸ್ ಆಡ್ತಾನೆ. ನಾವು ಕೈಯಾರೆ ಬೆಳ್ಳಿ ತಟ್ಟೇಲಿಟ್ಟು ಕೊಟ್ಟ ಹಾಗೆ. ನಾವು ಸೋತ್ರೆ ಅವನು ಮನೇಲಿ ಕೂತು ರೇಡಿಯೋ ಕೇಳ್ತಾನೆ." ಮರ್ಲ್ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. "ಸೋಲೋಣ."

"ಐವತ್ತು ವರ್ಷದಿಂದ ಈ ತಂಡಕ್ಕೆ ಕೂಗ್ತಿದ್ದೀನಿ. ಸೋಲಲಿ ಅಂತ ಒಂದು ದಿನ ಕೂಗಿಲ್ಲ," ಎಂದ ಅರ್ನಿ.

"ನೀನು ಕೂಗಿದ್ದಕ್ಕೆ ಗೆದ್ದಿರೋದು ಅಷ್ಟರಲ್ಲೇ ಇದೆ. ಈ ಸಲ ಸುಮ್ನಿರು, ಸಾಕು."

ಮಾತು ಅಲ್ಲಿಗೆ ನಿಲ್ಲಲಿಲ್ಲ. ಸೋಮವಾರ ಬೇಕರಿಯಲ್ಲಿ, ಮಂಗಳವಾರ ಪೆಟ್ರೋಲ್ ಬಂಕಿನಲ್ಲಿ, ಆಮೇಲೆ ಗೋಧಿ ಕಣಜದ ಮುಂದೆ ಲಾರಿ ಸಾಲಿನಲ್ಲಿ, ಎಲ್ಲೆಲ್ಲೂ ಅದೇ. ಮೊದಲು ಬೈದವರೇ ಎರಡು ದಿನ ಕಳೆದ ಮೇಲೆ, "ಹೌದು ಮಾರಾಯ, ಆ ಲೆಸ್‌ಗೆ ಒಂದು ಬುದ್ಧಿ ಕಲಿಸ್ಬೇಕು" ಎನ್ನತೊಡಗಿದರು. ಪಾದ್ರಿಗಳು ಕೂಡ ನನ್ನ ಕೈಯಿಂದ ಸ್ಕೋನ್ ತೆಗೆದುಕೊಳ್ಳುತ್ತ, "ಸೋಲಿನಲ್ಲೂ ದೇವರ ಚಿತ್ತ ಇರಬಹುದು ಐವಿ" ಎಂದರು. ಬುಧವಾರದ ಹೊತ್ತಿಗೆ ಊರಿಗೆ ಊರೇ ಸೋಲಲು ತಯಾರಾಗಿ ಕೂತಿತ್ತು. ಆಡುವವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮರ್ಲ್ ಕೇಳಿದಳು. ಗುರುವಾರ ಸಂಜೆ ರಸೆಲ್ ಅಭ್ಯಾಸ ಮುಗಿಸಿ ಅವಳ ಮನೆಗೆ ಊಟಕ್ಕೆ ಬಂದ. ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದವಳು ಮರ್ಲ್‌ಳೇ. ಈಗ ಗೋಧಿ ಕಣಜದಲ್ಲಿ ಕೆಲಸ, ಬೇರೆ ಬಾಡಿಗೆ ಮನೆ. ಗುರುವಾರದ ಕುರಿಮಾಂಸದ ಚಾಪ್ಸು ಮಾತ್ರ ಅಜ್ಜಿಯದೇ ಆಗಬೇಕು. ನಾನು ಅಲ್ಲೇ ಬಟಾಣಿ ಬಿಡಿಸುತ್ತಿದ್ದೆ.

"ಅಜ್ಜಿ, ಬೇಕು ಅಂತ ಸೋಲೋಕೆ ನನಗೆ ಬರಲ್ಲ," ಎಂದ ರಸೆಲ್. "ಮೈದಾನಕ್ಕಿಳಿದ್ರೆ ಕಾಲು ನನ್ನ ಮಾತು ಕೇಳಲ್ಲ. ಅದೂ ಅಲ್ದೆ, ನಂಗೆ ಐದು ಬೇಕು."

ಐದು ಎಂದರೇನೆಂದು ಊರಿಗೆಲ್ಲ ಗೊತ್ತಿತ್ತು. ಗೋಲುಕಂಬದ ಮುಂದೆ ನಿಂತು ಆಡುವವನು ಒಂದು ಸೀಸನ್ನಿನಲ್ಲಿ ನೂರು ಗೋಲು ಹೊಡೆಯುವುದೆಂದರೆ ಸಣ್ಣ ಮಾತಲ್ಲ. ನೂರನೆಯದು ಬಿದ್ದ ಕೂಡಲೇ ನೋಡುತ್ತಿದ್ದವರೆಲ್ಲ, ಮುದುಕರು, ಮಕ್ಕಳು, ನಾಯಿಗಳು ಸಮೇತ, ಬೇಲಿ ಹಾರಿ ಮೈದಾನಕ್ಕೆ ನುಗ್ಗಿ ಅವನನ್ನು ಹೆಗಲ ಮೇಲೆತ್ತುವುದು ಈ ಆಟ ಹುಟ್ಟಿದಲ್ಲೆಲ್ಲ ಇರುವ ಪದ್ಧತಿ. ಬೆರಿಗಲ್ಲಿನಲ್ಲಿ ಅದನ್ನು ಕಂಡವರಿಲ್ಲ. ಹೆರಾಲ್ಡ್ ಒಂದು ವರ್ಷ ಹತ್ತಿರ ಹೋಗಿ, ಮಂಡಿ ಮುರಿದುಕೊಂಡು ನಿಂತಿದ್ದ. ರಸೆಲ್ ತೊಂಬತ್ತೈದರಲ್ಲಿದ್ದ.

"ಐದು ಹೊಡೆದುಬಿಡ್ತೀನಿ," ಎಂದ ಅವನು. "ಆಮೇಲೆ ಯಾರು ಗೆದ್ರೂ ನಂಗೇನು? ಬೇಕಾದ್ರೆ ಅಲ್ಲೇ ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡ್ತೀನಿ. ಲೆಸ್‌ನ ಕಂಡ್ರೆ ನಂಗೇನು ಪ್ರೀತಿನಾ?"

ಮರ್ಲ್ ಒಲೆಯ ಕಡೆಗೆ ತಿರುಗಿ ನಿಂತಿದ್ದಳು. ಬಾಣಲೆಯಲ್ಲಿ ಒಂದೊಂದೇ ಚಾಪ್ಸನ್ನು ಮಗುಚಿದಳು.

"ಐದಲ್ಲ, ನಾಲ್ಕು," ಎಂದಳು.

"ಏನು?"

"ಮೇ ತಿಂಗಳಲ್ಲಿ, ಆ ಕೆಸರಿನ ಪಂದ್ಯದಲ್ಲಿ, ಕೆವಿನ್ ಹೆಸರಿಗೆ ಬರೆದ್ರಲ್ಲ, ಆ ಗೋಲು. ನಿಂದೇ ಅದು."

ರಸೆಲ್ ಚಾಕು ಫೋರ್ಕು ಎರಡನ್ನೂ ಕೆಳಗಿಟ್ಟ. ಆ ಪಂದ್ಯದಲ್ಲಿ ಗೋಲುಕಂಬದ ಮುಂದೆ ರಸೆಲ್, ನಮ್ಮ ತಂಡದವನೇ ಆದ ಕೆವಿನ್, ಮತ್ತೆ ಎಂಟು ಹತ್ತು ಜನ ಕೆಸರಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದಾಗ ಚೆಂಡು ಯಾರದೋ ಬೂಟಿಗೆ ತಗುಲಿ ಒಳಗೆ ಉರುಳಿತ್ತು. ತನ್ನ ಬೂಟು ಸವರಿತೇನೋ ಎಂದು ರಸೆಲ್ ಅಂದಾಗ ಅಡ್ಡ ಬಂದವಳು ಮರ್ಲ್‌ಳೇ. 'ನನ್ನ ಮೊಮ್ಮಗನಿಗೆ ಇನ್ನೊಬ್ಬರ ಗೋಲು ಬೇಡ. ಕೆವಿನ್ ಒದ್ದದ್ದು ನಾನು ಕಣ್ಣಾರೆ ಕಂಡಿದ್ದೀನಿ' ಎಂದು ಅವತ್ತು ಊರ ಮುಂದೆ ಹೇಳಿದ್ದಳು. ನಮ್ಮವರ ಗೋಲುಗಳನ್ನು ವರ್ಷವಿಡೀ ಎಣಿಸಿಡುತ್ತಿದ್ದವಳು ಅವಳು; ಅವಳ ಲೆಕ್ಕವೆಂದರೆ ಎಲ್ಲರೂ ತಲೆಬಾಗುತ್ತಿದ್ದುದು ಇದಕ್ಕೇ.

"ನೀನೇ ಅಲ್ಲ ಅಂದಿದ್ದೆ," ಎಂದ ರಸೆಲ್.

"ಅಂದಿದ್ದೆ. ವಾರವೆಲ್ಲ ಕಣ್ಣಿಗೆ ಕಟ್ಟಿಕೊಂಡು ನೋಡಿದೆ. ಕೆವಿನ್ ಆಚೆ ಬಿದ್ದಿದ್ದ. ನಿನ್ನ ಎಡಗಾಲು. ತಪ್ಪಾಯ್ತು ನಂದು."

ಆರಡಿ ಎತ್ತರದ ಗಂಡಸು ಎದ್ದು ಬಂದು, ಹಿಟ್ಟು ಮೆತ್ತಿದ ಏಪ್ರನ್ನಿನ ಸಮೇತ ಅವಳನ್ನು ತಬ್ಬಿಕೊಂಡ. ಮರ್ಲ್ ಅವನ ಬೆನ್ನು ತಟ್ಟಿ, "ಚಾಪ್ಸು ಆರತ್ತೆ, ತಿನ್ನು" ಎಂದಳು.

ಅರ್ನಿಗೂ ಅವಳೇ ಹೇಳಿದಳು. ಅವನು ಖುಷಿಯಿಂದ, "ಲೀಗಿಗೆ ಫೋನ್ ಮಾಡಿ ಸರಿ ಮಾಡಿಸ್ತೀನಿ ಬಿಡು. ಮರ್ಲ್ ಹೇಳಿದ್ಮೇಲೆ ಮುಗೀತು" ಎಂದ. ಶುಕ್ರವಾರ ಬೆಳಿಗ್ಗೆ ಬೇಕರಿಗೆ ಬಂದವರೆಲ್ಲ, "ಇನ್ನು ನಾಲ್ಕೇ ಅಂತೆ!" ಎನ್ನುತ್ತಿದ್ದರು.

ಶನಿವಾರ ಬಡಗಣ ಗಾಳಿ ಬೀಸುತ್ತಿತ್ತು. ಕಣಜದ ಕಡೆಯಿಂದ ಗೋಧಿ ಹೊಟ್ಟು ಹಾರಿಬಂದು ಚಹಾದ ಕಪ್ಪಿಗೆ ಬೀಳುತ್ತಿತ್ತು. ಲೆಸ್ ಪ್ಯಾಸ್ಕೋ ಬಂದಿದ್ದ. ತನಗೆ ಆಟವಿಲ್ಲದಿದ್ದರೂ ತನ್ನ ಹಣೆಬರಹ ಇಲ್ಲೇ ಬರೆಯುವುದೆಂದು ಅವನಿಗೆ ಗೊತ್ತಿತ್ತಲ್ಲ. ಮೈದಾನದ ಆ ತುದಿಯಲ್ಲಿ, ಎಲ್ಲರಿಂದ ದೂರ, ತನ್ನ ಬಿಳಿ ಪಿಕಪ್ ಗಾಡಿಯಲ್ಲಿ ಕುಳಿತಿದ್ದ.

"ಬಂದಿದ್ದಾನೆ ನೋಡು, ನಮಗೆ ಜೈ ಅನ್ನೋಕೆ," ಎಂದ ಅರ್ನಿ ಹಿಂದಿನ ಸೀಟಿನಿಂದ. "ಹುಟ್ಟಿದೂರು ಈಗ ನೆನಪಾಯ್ತು ಮಗನಿಗೆ."

"ಇರಲಿ ಬಿಡು," ಎಂದಳು ಮರ್ಲ್. "ಬಿಟ್ಟಿ ತಮಾಷೆ, ನೋಡ್ಕೊಂಡು ಹೋಗಲಿ."

ರಸೆಲ್ ಮೊದಲನೆಯದನ್ನು ಹೊಡೆದಾಗ ಒಂದು ಹಾರ್ನೂ ಕೂಗಲಿಲ್ಲ. ಮೈದಾನದ ಸುತ್ತ ಅಷ್ಟು ಕಾರು, ಹೆಣದ ಮನೆಯ ಮೌನ. ನಮ್ಮ ಆಟಗಾರರು ತಿರುಗಿ ತಿರುಗಿ ನೋಡಿದರು. ಎರಡನೆಯದಕ್ಕೆ ಬೇಕರಿಯವನ ವ್ಯಾನು 'ಪೀ' ಎಂದು ತಡೆದುಕೊಂಡಿತು. ಮೂರನೆಯದನ್ನು ಅವನು ಇಬ್ಬರ ಹೆಗಲಿನ ಮೇಲೆ ಮಂಡಿಯೂರಿ ಗಾಳಿಯಲ್ಲೇ ಚೆಂಡು ಹಿಡಿದು ಹೊಡೆದಾಗ ಯಾರಿಂದಲೂ ತಡೆಯಲಾಗಲಿಲ್ಲ. ಹಗೆ ಒಂದು ವಾರದ್ದು. ಹಾರ್ನ್ ಅಜ್ಜನ ಕಾಲದ್ದು.

"ಬೆರಿಗಲ್!" ಎಂದು ಅರ್ನಿ ನನ್ನ ಕಿವಿಯಲ್ಲೇ ಕಿರುಚಿದ.

"ಸೋಲ್ಬೇಕು ಕಣೋ ನಾವು," ಎಂದೆ.

"ಸೋಲೋಣ, ಸೋಲೋಣ. ಒಂದು ಐದು ನಿಮಿಷ ತಡಿ!"

ಕೊನೆಯ ಕ್ವಾರ್ಟರಿಗೆ ಬರುವಾಗ ಯಾರಂಬಾದವರು ಎರಡೇ ಅಂಕ ಮುಂದಿದ್ದರು, ಆದರೆ ಅವರ ದಮ್ಮು ಮುಗಿದಿತ್ತು. ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನಿಲ್ಲುತ್ತಿದ್ದರು. ನಮ್ಮವರು ಮೇಲಿಂದ ಮೇಲೆ ನುಗ್ಗುತ್ತಿದ್ದರು. ಇನ್ನು ಹೀಗೆಯೇ ಬಿಟ್ಟರೆ ನಾವು ಗೆಲ್ಲುವುದು ಖಂಡಿತ ಎಂದು ಕುರುಡನಿಗೂ ಕಾಣುತ್ತಿತ್ತು. ಆಗ ಚೆಂಡು ರಸೆಲ್ ಕಡೆ ಎತ್ತರಕ್ಕೆ ಬಂತು. ಹಿಡಿದ. ನಾಲ್ಕು ಹೆಜ್ಜೆ ಹಿಂದೆ ಹೋದ. ಸಾಕ್ಸು ಮೇಲೆಳೆದುಕೊಂಡ. ಒದ್ದ. ಗೋಲು ಅಂಪೈರು ಎರಡು ಬಾವುಟ ಬೀಸಿದ.

"ನೂರು!" ಎಂದು ಕೂಗಿದವಳು ಮರ್ಲ್. ಕಿಟಕಿಯಿಂದ ಸೊಂಟದವರೆಗೆ ಹೊರಬಂದು ಕೂಗಿದಳು. "ನೂರು! ನೂರಾಯ್ತು ಕಣ್ರೋ! ಹೋಗ್ರೋ! ಓಡ್ರೋ!"

ಬಾಗಿಲುಗಳು ಧಡಧಡ ತೆರೆದವು. ನನ್ನ ವಯಸ್ಸಿನವರು ಬೇಲಿ ಹಾರುವುದಿಲ್ಲ. ಅವತ್ತು ಅದರ ಕೆಳಗೆ ನುಸುಳಿದೆವು. ನಾನು ಏಪ್ರನ್ನಿನಲ್ಲೇ ಓಡಿದೆ. ಅರ್ನಿ ಊರುಗೋಲನ್ನು ಬಂದೂಕಿನಂತೆ ಮೇಲೆತ್ತಿ ನನ್ನನ್ನೂ ದಾಟಿ ಹೋದ. ಯಾರದೋ ಕುರಿನಾಯಿ ಯಾರಂಬಾದ ಆಟಗಾರರನ್ನೆಲ್ಲ ಒಂದು ಮೂಲೆಗೆ ಅಟ್ಟತೊಡಗಿತು. ರಸೆಲ್‌ನನ್ನು ಹೆಗಲ ಮೇಲೆತ್ತಿದರು, ಕೆಳಗಿಳಿಸಿದರು, ಮತ್ತೆ ಎತ್ತಿದರು. ಹೆಂಗಸರು ಮುತ್ತಿಟ್ಟರು, ಮಕ್ಕಳು ಅವನ ಅಂಗಿ ಜಗ್ಗಿದರು. ಅವನ ಕಣ್ಣಲ್ಲಿ ನೀರಿತ್ತು. "ಅಜ್ಜಿ ಎಲ್ಲಿ? ಅಜ್ಜಿ ಬರ್ಲಿಲ್ವಾ?" ಎಂದು ನನ್ನನ್ನು ಕೇಳಿದ.

ನಾನು ತಿರುಗಿ ನೋಡಿದೆ. ಬೇಲಿಯುದ್ದಕ್ಕೂ ಬಾಗಿಲು ತೆರೆದ ಖಾಲಿ ಕಾರುಗಳು. ಒಂದರಲ್ಲಿ ಮಾತ್ರ ಮರ್ಲ್ ಕುಳಿತಿದ್ದಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದಳು.

ಅಂಪೈರು ಗಡಿಯಾರ ನಿಲ್ಲಿಸಿ, ಸೀಟಿ ಊದಿ ಊದಿ ನಮ್ಮನ್ನು ಹೊರಗಟ್ಟುವಷ್ಟರಲ್ಲಿ ಯಾರಂಬಾದವರು ಹುಲ್ಲಿನ ಮೇಲೆ ಕೂತು, ನೀರು ಕುಡಿದು, ಕಿತ್ತಳೆ ತೊಳೆ ತಿಂದು, ಉಸಿರು ತಿರುಗಿಸಿಕೊಂಡಿದ್ದರು. ನಮ್ಮವರು ಮದುವೆಮನೆಯಿಂದ ಎದ್ದುಬಂದವರಂತಿದ್ದರು. ಚೆಂಡು ಕುಕ್ಕಿದ ಕೂಡಲೇ ಯಾರಂಬಾದವರು ಅದನ್ನು ಎತ್ತಿಕೊಂಡು ಹೋಗಿ ಗೋಲು ಹೊಡೆದರು. ಮತ್ತೆ ಎರಡು ಅಂಕ ಹಿಂದಾದೆವು.

ಕೊನೆಗೆ ಒಂದು ಸಲ ಚೆಂಡು ರಸೆಲ್ ಕೈಗೆ ಬಂತು. ಗೋಲು ಎದುರಿಗೇ. ಅವನು ನಿದ್ದೆಗಣ್ಣಲ್ಲಿ ಒದ್ದರೂ ಒಳಗೆ ಹೋಗುವಷ್ಟು ದೂರ. ಇಡೀ ವರ್ಷ ಅಂಥ ಚೆಂಡನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಆದರೆ ಅವನ ಎಡಗಡೆ, ಕಂಬಕ್ಕೆ ಇನ್ನೂ ಹತ್ತಿರ, ಮರೇ ಕ್ಲಫ್ ಒಬ್ಬನೇ ನಿಂತು ಎರಡೂ ಕೈ ಎತ್ತಿದ್ದ. ಮರೇ ನಮ್ಮೂರ ಕಸಾಯಿ, ದಪ್ಪ ಮನುಷ್ಯ, ಹತ್ತು ವರ್ಷದಿಂದ ಹಿಂದೆಯೇ ನಿಂತು ಆಡಿ, ಒಂದು ಗೋಲೂ ಹೊಡೆಯದೆ, ಅವತ್ತು ಕೊನೆಯ ಆಟ ಆಡುತ್ತಿದ್ದ. ಅವನು ಅಷ್ಟು ಮುಂದೆ ಹೇಗೆ ಬಂದನೋ ದೇವರಿಗೇ ಗೊತ್ತು. ರಸೆಲ್ ನಕ್ಕ. ಚೆಂಡನ್ನು ಮುಷ್ಟಿಯಿಂದ ಗುದ್ದಿ ಮರೇಗೆ ಕೊಟ್ಟ. ತನ್ನ ನೂರು ಆಗಿದೆಯಲ್ಲ, ಇವನದೂ ಒಂದಾಗಲಿ ಎಂದು.

ಮರೇ ಕಣ್ಣು ಮುಚ್ಚಿ ಒದ್ದ. ಚೆಂಡು ನಡುಗಂಬಗಳ ಮಧ್ಯೆ ಹೋಗದೆ ಪಕ್ಕದ ಕಂಬದ ಕಡೆ ವಾಲಿತು. ಅದಕ್ಕೆ ಒಂದೇ ಅಂಕ. ಸೈರನ್ ಕೂಗಿತು, ಈ ಸಲ ಎಲ್ಲರಿಗೂ ಕೇಳಿಸಿತು. ಒಂದು ಅಂಕದಿಂದ ಸೋತೆವು.

ಮರೇ ನೆಲದ ಮೇಲೆ ಮುಖ ಮುಚ್ಚಿಕೊಂಡು ಕುಳಿತ. ಆಮೇಲೆ, ತಾವು ವಾರವೆಲ್ಲ ಬೇಡಿಕೊಂಡದ್ದು ಇದನ್ನೇ ಎಂದು ಬೇಕರಿಯವನಿಗೆ ನೆನಪಾಯಿತೋ ಏನೋ, ವ್ಯಾನಿನ ಹಾರ್ನ್ ಒತ್ತಿದ. ಇನ್ನೊಬ್ಬ ಒತ್ತಿದ. ಒಬ್ಬೊಬ್ಬರಾಗಿ ಎಲ್ಲರೂ ಒತ್ತಿದರು. ಮೈದಾನದ ನಡುವೆ ನಮ್ಮ ತಂಡ, ಊರಿಗೆ ಹುಚ್ಚು ಹಿಡಿಯಿತೇ ಎಂಬಂತೆ ನೋಡುತ್ತ ನಿಂತಿತ್ತು.

ಮರ್ಲ್ ಒತ್ತಲಿಲ್ಲ. ಕಾರು ಶುರು ಮಾಡಿ, ನಾವಿಬ್ಬರೂ ಹತ್ತಿದ ಕೂಡಲೇ ಬೇಲಿಯ ಪಕ್ಕದಲ್ಲೇ ನಿಧಾನವಾಗಿ ಆ ತುದಿಗೆ ಓಡಿಸಿದಳು. ಲೆಸ್ ಗಾಡಿಯಿಂದಿಳಿದು ಬೇಲಿ ಹಿಡಿದು ನಿಂತಿದ್ದ. ಅವನ ಮುಖ ಹಾಲು ಕುಡಿಸದ ಕರುವಿನಂತಿತ್ತು. ಮರ್ಲ್ ಕಿಟಕಿ ಇಳಿಸಿದಳು.

"ಲೆಸ್."

"ಏನು ಮರ್ಲ್?"

"ಹೆರಾಲ್ಡ್‌ನ ಮಣ್ಣಿಗಿಟ್ಟ ಶನಿವಾರ ನಿನಗೆ ಪುರುಸೊತ್ತಿರಲಿಲ್ಲ. ಇನ್ನು ಮುಂದೆ ಎಲ್ಲಾ ಶನಿವಾರವೂ ಪುರುಸೊತ್ತೇ. ಚರ್ಚಿನ ಹಿಂದೆ, ಮೂರನೇ ಸಾಲು. ಕಳೆ ಬೆಳೆದಿದೆ, ಕಿತ್ತು ಹೋಗು."

ಮರ್ಲ್ ಕಿಟಕಿ ಏರಿಸಿ ಕಾರು ತಿರುಗಿಸಿದಳು. "ಅಬ್ಬಾ, ಎಷ್ಟು ದಿನದಿಂದ ಇಟ್ಕೊಂಡಿದ್ಯೇ ಅದನ್ನ!" ಎಂದ ಅರ್ನಿ. ಅವಳ ಮುಖದಲ್ಲಿ ಆಗ ಕಂಡಂಥ ತೃಪ್ತಿಯನ್ನು ನಾನು ಹಬ್ಬದ ದಿನವೂ ಕಂಡಿಲ್ಲ.

ಆ ತೃಪ್ತಿ ಇದ್ದದ್ದು ಒಂದು ರಾತ್ರಿ. ಮಾರನೆಯ ಬೆಳಿಗ್ಗೆ ಕ್ಲಬ್ಬಿಗೆ ಎಲ್ಲರೂ ಸೇರಿದ್ದರು. ಯಾರಂಬಾ ಹೇಗೆ ಗೆದ್ದಿತು, ಮರೇ ಯಾವ ಕಾಲಿನಿಂದ ಒದೆಯಬೇಕಿತ್ತು, ಕೊಲಿಂಡಾದ ಹೆಂಡದಂಗಡಿಯಲ್ಲಿ ಯಾರು ಯಾರಿಗೆ ಹೊಡೆದರು ಎಂದು ಮಾತು ರಂಗಾಗಿ ನಡೆದಿತ್ತು. ರಸೆಲ್ ಗೋಡೆಯಲ್ಲಿ ತನ್ನ ಫೋಟೋಗೆ ಮೊಳೆ ಎಲ್ಲಿ ಹೊಡೆಯಬೇಕೆಂದು ಅಳೆಯುತ್ತಿದ್ದ. ಆಗ ಫೋನ್ ಬಂತು. ಅರ್ನಿ ಹೋದವನು ಕೇಳಿಸಿಕೊಂಡು, ಇನ್ನೊಮ್ಮೆ ಕೇಳಿ, ಬೆಳ್ಳಗಾಗಿ ಬಂದ.

"ಲೀಗಿನವರು. ಮೇ ತಿಂಗಳ ಪಂದ್ಯದ ಗೋಲು ಅಂಪೈರನ್ನ ಕೇಳಿದ್ರಂತೆ. ಅವನು ಮಾರು ದೂರದಲ್ಲಿ ನಿಂತು ನೋಡಿದ್ದಾನೆ. ಕೆವಿನ್ ಬೂಟು. ಅನುಮಾನವೇ ಇಲ್ಲವಂತೆ." ಅವನು ರಸೆಲ್ ಕಡೆ ನೋಡಲಿಲ್ಲ. "ತೊಂಬತ್ತೊಂಬತ್ತು."

"ಇಲ್ಲ, ಅಜ್ಜಿ ನೋಡಿದ್ದಾಳೆ," ಎಂದ ರಸೆಲ್. "ಹೇಳು ಅಜ್ಜಿ. ಫೋನ್ ಮಾಡಿ ಹೇಳು ಅವರಿಗೆ."

ಮರ್ಲ್ ಪಾತ್ರೆ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಅಜ್ಜಿ?"

"ಕೆವಿನ್‌ದೇ ಅದು. ಮೇ ತಿಂಗಳಲ್ಲೇ ಹೇಳಿದ್ದೆನಲ್ಲ."

"ಗುರುವಾರ ನನ್ನದು ಅಂದ್ಯಲ್ಲ!"

"ನೂರಾದ್ಮೇಲೆ ಯಾರು ಗೆದ್ರೂ ನಂಗೇನು ಅಂದೆ ನೀನು. ಅದಕ್ಕೆ ನೂರನ್ನ ಸ್ವಲ್ಪ ಈಚೆಗೆ ಎಳೆದೆ. ಜನ ನುಗ್ತಾರೆ, ಆಟ ಕೆಡತ್ತೆ, ನೀನು ಕೈ ಬಿಡ್ತೀಯ, ಅಷ್ಟೇ ಅಂದ್ಕೊಂಡೆ. ಆಮೇಲೆ ಹೇಗಿದ್ರೂ ಇನ್ನೊಂದು ನಿನ್ನ ಕಾಲಿಂದ ಬಿದ್ದೇ ಬೀಳತ್ತೆ, ಲೆಕ್ಕ ಸರಿಹೋಗತ್ತೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಸಿಕ್ಕಿದ ಚೆಂಡನ್ನ ಆ ಮರೇಗೆ ದಾನ ಮಾಡು ಅಂತ ನಾನು ಹೇಳಿದ್ನಾ?"

ಮರೇ ಮೂಲೆಯಲ್ಲಿ ಪೈ ಹಿಡಿದುಕೊಂಡು ಕುಳಿತಿದ್ದ. ಅದನ್ನು ಮೆಲ್ಲಗೆ ತಟ್ಟೆಗೆ ಇಟ್ಟ.

ರಸೆಲ್ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ಲೆಸ್ ಸೈರನ್ ಕೇಳಿಸ್ಕೊಂಡು ಸುಮ್ನಿದ್ದ," ಎಂದ. "ನೀನು ಲೆಕ್ಕ ಗೊತ್ತಿದ್ದೂ ಸುಮ್ನಿದ್ದೆ. ನೀವಿಬ್ಬರೂ ಒಂದೇ ಊರಿನವರು ಅಂತ ಸುಮ್ನೆ ಹೇಳ್ತಾರಾ?" ಸುತ್ತಿಗೆಯನ್ನು ಬಾರಿನ ಕಟ್ಟೆಯ ಮೇಲಿಟ್ಟು ಹೊರಟುಹೋದ.

"ಬರ್ತಾನೆ ಬಿಡು," ಎಂದಳು ಮರ್ಲ್ ನನಗೆ. "ಗುರುವಾರ ಊಟಕ್ಕೆ ಬರ್ತಾನೆ."

ಗುರುವಾರ ಚಾಪ್ಸು ಹುರಿದಳು. ಅದರ ಮುಂದಿನ ಗುರುವಾರವೂ ಹುರಿದಳು. ಕ್ರಿಸ್ಮಸ್ಸಿಗೆ ಅವನು ಬಾಗಿಲ ಬಳಿ ಒಂದು ಡಬ್ಬಿ ಬಿಸ್ಕತ್ತು ಇಟ್ಟು ಹೋದ, ಬೆಲ್ ಒತ್ತಲಿಲ್ಲ. ನಮ್ಮಲ್ಲಿ ಕ್ರಿಸ್ಮಸ್ಸಿಗೇ ಬರುವ ಬೇಸಿಗೆ ಮುಗಿಯುವ ಹೊತ್ತಿಗೆ ಅರ್ನಿ ಸುದ್ದಿ ತಂದ: ರಸೆಲ್ ಕ್ಲಬ್ ಬದಲಿಸಲು ಕಾಗದ ಕೇಳಿದ್ದಾನೆ. ಯಾವ ಊರಿಗೆ ಎಂದು ನಾವು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

"ಬೇಕು ಅಂತ ಮಾಡ್ತಿದ್ದಾನೆ," ಎಂದ ಅರ್ನಿ.

"ಮತ್ತೆ? ಬೇಡ ಅಂತ ಮಾಡ್ತಾರಾ ಇದನ್ನ?" ಎಂದಳು ಮರ್ಲ್. "ನನ್ನ ಕೈಯಲ್ಲಿ ಬೆಳೆದವನು."

ಹೊಸ ಸೀಸನ್ನಿನ ಮೊದಲ ಸುತ್ತಿಗೇ ಕೊಲಿಂಡಾ ನಮ್ಮಲ್ಲಿಗೆ ಬಂತು. ರಸೆಲ್ ಅವರ ಕೆಂಪು ಬಿಳಿ ಪಟ್ಟೆಯ ಅಂಗಿ ತೊಟ್ಟು ಓಡಿ ಬಂದಾಗ ನಮ್ಮ ಕಾರುಗಳಿಂದ ಬಂದ ಬೈಗುಳವನ್ನು ನಾನು ಬರೆಯಲಾರೆ. "ನಾಯಿ! ದ್ರೋಹಿ! ಅಜ್ಜಿ ಅನ್ನ ತಿಂದ ಬಾಯಿ!" ಎಂದು ಬೇಕರಿಯವನು ವ್ಯಾನಿನ ಮೇಲೆ ಹತ್ತಿ ಕೂಗಿದ. ರಸೆಲ್ ಯಾವ ಕಡೆಗೂ ತಿರುಗಲಿಲ್ಲ. ಮೊದಲ ಚೆಂಡಿಗೇ ಗೋಲು ಹೊಡೆದ.

ಮರ್ಲ್‌ಳ ತುಟಿ ಅಲ್ಲಾಡಿತು.

"ಏನಂದೆ?" ಎಂದ ಅರ್ನಿ.

"ಏನಿಲ್ಲ."

"ಯಾರಿಗೆ ಕೂಗ್ತಿದ್ದೀಯ ನೀನು ಈಗ?"

"ಕೊಲಿಂಡಾ ಸೋಲ್ಬೇಕು. ಮಣ್ಣು ಮುಕ್ಕಬೇಕು. ಅವನು ಒಬ್ಬ ಹೊಡೀಲಿ."

"ಅದು ಹೇಗಾಗತ್ತೆ ಮಾರಾಯ್ತಿ? ಅವನು ಹೊಡೆದಷ್ಟೂ ಅವರು ಗೆಲ್ತಾರೆ."

"ಗೊತ್ತು ಕಣೋ. ಬಾಯ್ಮುಚ್ಚು."

ಎರಡನೆಯ ಕ್ವಾರ್ಟರಿನಲ್ಲಿ ಲೆಸ್ ಪ್ಯಾಸ್ಕೋ ರಸೆಲ್‌ನನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದ. ವಿಶ್ರಾಂತಿಗೋ, ಮರ್ಲ್ ನೋಡಲೆಂದೋ, ಲೆಸ್‌ನ ಮನಸ್ಸಿನ ಮಾತು ನಾನು ಹೇಗೆ ಹೇಳಲಿ? ಅವನು ಕೂರಿಸಿ, ನಮ್ಮ ಕಾರಿನ ಕಡೆ ತಿರುಗಿ ಟೋಪಿ ಎತ್ತಿದ್ದಂತೂ ನಿಜ. ಐದು ನಿಮಿಷವಾಯಿತು, ಹತ್ತಾಯಿತು. ರಸೆಲ್ ಕುಳಿತೇ ಇದ್ದ. ಮರ್ಲ್ ಕಂಬಳಿ ಕಿತ್ತೆಸೆದು ಕಾರಿನಿಂದಿಳಿದಳು. ಇಷ್ಟು ವರ್ಷದಲ್ಲಿ ಆಟ ನಡೆಯುವಾಗ ಅವಳು ಕಾರಿನಿಂದ ಇಳಿದದ್ದನ್ನು ನಾನು ಕಂಡಿರಲಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಬೇಲಿ ಹಿಡಿದು ನಡೆದು, ಕೊಲಿಂಡಾದ ಬೆಂಚಿನ ಎದುರಿಗೇ ಹೋಗಿ ನಿಂತಳು.

"ಲೆಸ್! ಏಯ್, ಲೆಸ್ ಪ್ಯಾಸ್ಕೋ! ಅವನನ್ನ ಯಾಕೋ ಕೂರಿಸಿದ್ದೀಯ? ಕಣ್ಣಿಲ್ವಾ ನಿಂಗೆ? ಒಳಗೆ ಕಳಿಸೋ ಅವನನ್ನ!"

ಬೆರಿಗಲ್ಲಿನವರೆಲ್ಲ ಕಾರುಗಳಿಂದ ತಲೆ ಹೊರಗೆ ಹಾಕಿದರು. ಬೇಕರಿಯವನು ವ್ಯಾನಿನ ಮೇಲೆ ಬಾಯಿ ತೆರೆದು ನಿಂತ. "ಮರ್ಲ್, ಅವನು ನಮ್ಮ ಮೇಲೆ ಆಡ್ತಿರೋದು ಕಣೇ!" ಎಂದು ಯಾರೋ ಕೂಗಿದರು.

"ಒಳಗೆ ಕಳಿಸು ಅಂದೆ!" ಎಂದಳು ಮರ್ಲ್, ಅವರಿಗೆ ಬೆನ್ನು ತಿರುಗಿಸಿಕೊಂಡೇ.

ಲೆಸ್ ನಗುತ್ತ ಕೈಕಟ್ಟಿ ನಿಂತ. ಬೆಂಚಿನ ತುದಿಯಲ್ಲಿ ರಸೆಲ್ ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಅಷ್ಟು ಹತ್ತಿರದಿಂದ ಅವಳ ದನಿ ಕೇಳದಿರಲು ಸಾಧ್ಯವಿರಲಿಲ್ಲ. ಅವನು ಆ ಬೂಟು ಕಟ್ಟಿ ಮುಗಿಸಿ, ಇನ್ನೊಂದನ್ನು ಬಿಚ್ಚತೊಡಗಿದ.